ಹಾಡಿನ ಲೆಕ್ಕ ಯಾರ ಕೈಯಲ್ಲಿ?

1902ರ ನವೆಂಬರ್ ತಿಂಗಳಲ್ಲಿ ಕಲ್ಕತ್ತಾದ ಹೋಟೆಲೊಂದರ ಕೊಠಡಿಯಲ್ಲಿ ಗೌಹರ್ ಜಾನ್ ಅವರು ಅಗಲ ಬಾಯಿಯ ಕೊಳವೆಯ ಎದುರು ನಿಂತು ಹಾಡಿದರು. ಗ್ರಾಮಾಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಅದನ್ನು ಮುದ್ರಿಸಿಕೊಂಡರು. ತಟ್ಟೆಗಳು ಜರ್ಮನಿಯ ಹ್ಯಾನೋವರ್‌ನಲ್ಲಿ ಅಚ್ಚಾಗಿ ಹಡಗಿನಲ್ಲಿ ಹಿಂದಿರುಗಿದವು. ಗಂಟೆಗಟ್ಟಲೆ ಹಾಡಬಲ್ಲ ಗಾಯಕಿ ಸುಮಾರು ಮೂರು ನಿಮಿಷಗಳಲ್ಲಿ ಮುಗಿಸಬೇಕಾಗಿತ್ತು. ಹಾಡು ಮುಗಿದೊಡನೆ ತಮ್ಮ ಹೆಸರನ್ನೂ ತಾವೇ ಹೇಳುತ್ತಿದ್ದರು.

ಅಂದಿನಿಂದ ಹಾಡು ಹಾಡುಗಾರರಿಂದ ಬೇರೆಯಾಗಿ ಅಂಗಡಿಯ ಸರಕಾಯಿತು. ತಟ್ಟೆ ಎಷ್ಟು ಮಾರಾಟವಾಯಿತೆಂಬ ಲೆಕ್ಕ ಕಂಪನಿಯ ಪುಸ್ತಕದಲ್ಲಿರುತ್ತಿತ್ತು. ಮನೆಗಳಲ್ಲಿ ಅದು ಎಷ್ಟು ಸಲ ತಿರುಗಿತೆಂಬುದನ್ನು ಬಲ್ಲವರು ಯಾರೂ ಇರಲಿಲ್ಲ. ಆದ್ದರಿಂದ ಬಹುಪಾಲು ಕಲಾವಿದರಿಗೆ ಒಂದೇ ಸಲದ ಸಂಭಾವನೆ. ಮುಂದೆ ಚಲನಚಿತ್ರದ ಕಾಲದಲ್ಲೂ ಇದೇ ಪದ್ಧತಿ ನಡೆದುಬಂತು. ಗೀತರಚನಕಾರರು ಮತ್ತು ಸಂಗೀತ ನಿರ್ದೇಶಕರು 1969ರಲ್ಲಿ ತಮ್ಮದೇ ಹಕ್ಕುಸಂಘವನ್ನು ಕಟ್ಟಿಕೊಂಡರು. ನಿರ್ಮಾಪಕರು ವಿರೋಧಿಸಿದ್ದರಿಂದ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ಬರೆಸಿಕೊಂಡ ಹಾಡಿನ ಹಕ್ಕು ನಿರ್ಮಾಪಕನದೇ ಎಂದು 1977ರಲ್ಲಿ ತೀರ್ಪು ಬಂತು. ಗಾಯಕರ ಸ್ಥಿತಿ ಇನ್ನೂ ಶೋಚನೀಯವಾಗಿತ್ತು. ಅಂದಿನ ಕಾನೂನಿನಲ್ಲಿ ಅವರಿಗೆ ಹಕ್ಕೆಂಬುದೇ ಇರಲಿಲ್ಲ. ಪೀಠದಲ್ಲಿದ್ದ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಪ್ರತ್ಯೇಕ ಟಿಪ್ಪಣಿ ಬರೆದು ಈ ಕೊರತೆಯತ್ತ ಸಂಸತ್ತಿನ ಗಮನ ಸೆಳೆದರು.

ನಡುವೆ ಕ್ಯಾಸೆಟ್ ಬಂತು. ಕನ್ನಡದ ಭಾವಗೀತೆ ಹಳ್ಳಿಯ ಹೋಟೆಲುಗಳವರೆಗೂ ತಲುಪಿದ್ದು ಇದರ ಕೃಪೆಯಿಂದಲೇ. ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಅವರ ದನಿಗಳು ಮನೆಮಾತಾದವು. ಕಳ್ಳ ಪ್ರತಿಗಳೂ ಹುಟ್ಟಿಕೊಂಡವು. ಆದರೆ ಪ್ರತಿಯಿಂದ ಪ್ರತಿಗೆ ದನಿ ಮಸುಕಾಗುತ್ತಿತ್ತು. ಅದೊಂದು ಸ್ವಾಭಾವಿಕ ಕಡಿವಾಣ.

ಡಿಜಿಟಲ್ ತಂತ್ರಜ್ಞಾನ ಈ ಕಡಿವಾಣವನ್ನು ಕಿತ್ತೊಗೆಯಿತು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಧ್ವನಿಯ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕಿಗಳಾಗಿ ಬರೆದಿಡುತ್ತಾರೆ. ಅಂಕಿಗಳನ್ನು ಎಷ್ಟು ಸಲ ನಕಲು ಮಾಡಿದರೂ ಅಂಕಿಗಳೇ, ಸವೆಯುವುದಿಲ್ಲ. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯ ತಂಡ ಮತ್ತು ಅದರ ಜೊತೆಗಾರರು, ಕಿವಿ ಗಮನಿಸದ ಅಂಶಗಳನ್ನು ತೆಗೆದುಹಾಕಿ ಈ ಅಂಕಿಗಳ ರಾಶಿಯನ್ನು ಸುಮಾರು ಹನ್ನೊಂದನೆಯ ಒಂದು ಭಾಗಕ್ಕೆ ಇಳಿಸಬಲ್ಲ ವಿಧಾನವನ್ನು ರೂಪಿಸಿದರು. ಅದೇ ಎಂಪಿ3. 1999ರಲ್ಲಿ ಅಮೆರಿಕದ ಶಾನ್ ಫ್ಯಾನಿಂಗ್ ಎಂಬ ಕಾಲೇಜು ಹುಡುಗ ನ್ಯಾಪ್‌ಸ್ಟರ್ ಆರಂಭಿಸಿ, ಗಣಕಯಂತ್ರದಿಂದ ಗಣಕಯಂತ್ರಕ್ಕೆ ಹಾಡುಗಳು ಪುಕ್ಕಟೆಯಾಗಿ ಹರಿಯುವಂತೆ ಮಾಡಿದ. ನ್ಯಾಯಾಲಯಗಳ ಆದೇಶದಿಂದ 2001ರಲ್ಲಿ ಅದು ನಿಂತಿತು. ಕೇಳುಗರ ಅಭ್ಯಾಸ ಮಾತ್ರ ನಿಲ್ಲಲಿಲ್ಲ. 2003ರಲ್ಲಿ ಆಪಲ್ ಕಂಪನಿ ಒಂದೊಂದು ಹಾಡನ್ನು 99 ಸೆಂಟಿಗೆ ಮಾರತೊಡಗಿತು. ನಮ್ಮಲ್ಲಿ ಕೆಲವು ವರ್ಷ ಕಾಲರ್ ಟ್ಯೂನ್‌ಗಳದೇ ದರ್ಬಾರು. ಹಣದ ದೊಡ್ಡ ಪಾಲು ದೂರವಾಣಿ ಕಂಪನಿಗಳಲ್ಲೇ ಉಳಿಯಿತು.

ಇಂದು ಹಾಡನ್ನು ಕೊಳ್ಳುವವರು ವಿರಳ, ಅಂತರಜಾಲದಲ್ಲಿ ಹರಿದಂತೆ ಕೇಳುವವರೇ ಹೆಚ್ಚು. ಒಂದೊಂದು ಆಲಿಕೆಯನ್ನೂ ಯಂತ್ರ ಎಣಿಸುತ್ತದೆ. ಎಣಿಕೆ ಸಿಕ್ಕ ಮೇಲೆ ಕೂಲಿಯೂ ಸಿಕ್ಕಬೇಕಲ್ಲವೇ? ಇಲ್ಲಿಯೇ ವಿದ್ಯಾರ್ಥಿಗಳು ಸ್ವಲ್ಪ ಗಣಿತ ಮಾಡಬೇಕು.

ಸ್ಪಾಟಿಫೈನಂಥ ಸೇವೆಗಳು ಸಾಮಾನ್ಯವಾಗಿ ಹಾಡಿಗೆ ನಿಗದಿತ ಬೆಲೆ ಕೊಡುವುದಿಲ್ಲ. ತಿಂಗಳ ಆದಾಯದಲ್ಲಿ ಒಂದು ಭಾಗವನ್ನು ರಾಶಿ ಹಾಕಿ, ಒಟ್ಟು ಆಲಿಕೆಯಲ್ಲಿ ಪ್ರತಿ ಹಾಡಿಗೆ ಬಂದ ಪಾಲಿನಂತೆ ಹಂಚುತ್ತವೆ. ರಾಶಿ 100 ರೂಪಾಯಿ, ಒಟ್ಟು ಆಲಿಕೆ 1,000 ಎಂದಿಟ್ಟುಕೊಳ್ಳಿ. ನಿಮ್ಮ ಹಾಡನ್ನು 10 ಸಲ ಕೇಳಿದ್ದರೆ 1 ರೂಪಾಯಿ. ಮರುತಿಂಗಳು ರಾಶಿ ಅಷ್ಟೇ ಇದ್ದು ಒಟ್ಟು ಆಲಿಕೆ 2,000 ಆದರೆ, ನಿಮಗೆ ಅದೇ 10 ಕೇಳುವಿಕೆಗೆ 50 ಪೈಸೆ. ನಿಮ್ಮ ಕೇಳುಗರೊಬ್ಬರೂ ಕಡಿಮೆಯಾಗಿಲ್ಲ, ಸಂಪಾದನೆ ಮಾತ್ರ ಅರ್ಧ! ಚಂದಾ ಕೊಟ್ಟು ತಿಂಗಳಿಡೀ ಒಬ್ಬರೇ ಸುಗಮ ಸಂಗೀತ ಗಾಯಕಿಯನ್ನು ಕೇಳಿದರೂ, ಆ ಹಣವೆಲ್ಲ ಆಕೆಗೆ ಹೋಗುವುದಿಲ್ಲ. 2024ರಿಂದ ಸ್ಪಾಟಿಫೈ ಇನ್ನೊಂದು ನಿಯಮವನ್ನೂ ಸೇರಿಸಿತು: ಹನ್ನೆರಡು ತಿಂಗಳಲ್ಲಿ ಕನಿಷ್ಠ 1,000 ಆಲಿಕೆ ಕಾಣದ ಮುದ್ರಿಕೆಗೆ ಪಾಲಿಲ್ಲ. ಸಣ್ಣ ಭಾಷೆ, ಸಣ್ಣ ಊರಿನ ಕಲಾವಿದರಿಗೆ ಇದು ನ್ಯಾಯವೆಂದು ಹೇಳುವುದು ಕಷ್ಟ.

ಬಂದ ಪಾಲೂ ಮೊದಲು ಸೇರುವುದು ಧ್ವನಿಮುದ್ರಣದ ಒಡೆಯರನ್ನು. ಇಲ್ಲಿ ನಮ್ಮ ಕಾನೂನು ತಡವಾಗಿಯಾದರೂ ಎಚ್ಚೆತ್ತಿತು. ರಾಜ್ಯಸಭೆಯಲ್ಲಿ ಜಾವೇದ್ ಅಖ್ತರ್ ಅವರು ಗಟ್ಟಿಯಾಗಿ ವಾದಿಸಿದ್ದ 2012ರ ಕೃತಿಸ್ವಾಮ್ಯ ತಿದ್ದುಪಡಿಯ ಪ್ರಕಾರ, ಚಿತ್ರಮಂದಿರದ ಪ್ರದರ್ಶನದ ಹೊರಗೆ ಚಿತ್ರಗೀತೆ ಬಳಕೆಯಾದಾಗ ಬರುವ ರಾಯಧನದಲ್ಲಿ ಕವಿ ಮತ್ತು ಸಂಯೋಜಕರಿಗೆ ಸಮಪಾಲಿನ ಹಕ್ಕಿದೆ. ಅದನ್ನು ವಾರಸುದಾರರಿಗೆ ಅಥವಾ ಹಕ್ಕುಸಂಘಕ್ಕಲ್ಲದೆ ಬೇರೆ ಯಾರಿಗೂ ಬರೆದುಕೊಡುವಂತಿಲ್ಲ. ವಾಣಿಜ್ಯ ಬಳಕೆಯಾದಾಗ ಗಾಯಕರಿಗೂ ರಾಯಧನದ ಹಕ್ಕು ದೊರೆಯಿತು. ಗಾಯಕರು 2013ರಲ್ಲಿ ತಮ್ಮದೇ ಸಂಘವನ್ನು ರಚಿಸಿಕೊಂಡರು.

ಇಂದು ಒಂದು ಮೈಕು, ಒಂದು ಗಣಕಯಂತ್ರವಿದ್ದರೆ ಕಾಲೇಜು ವಿದ್ಯಾರ್ಥಿಯೂ ಮನೆಯ ಕೋಣೆಯಿಂದಲೇ ಹಾಡನ್ನು ಲೋಕಕ್ಕೆ ಬಿಡಬಹುದು. ಆಗ ತುಂಬಬೇಕಾದ ನಮೂನೆಯಲ್ಲಿ ಗಾಯಕರು, ಕವಿ, ಸಂಯೋಜಕರು, ಮುದ್ರಣದ ಒಡೆಯರು ಎಂದು ಬೇರೆ ಬೇರೆ ಅಂಕಣಗಳಿರುತ್ತವೆ. ಅವಸರದಲ್ಲಿ ಅವುಗಳನ್ನು ಖಾಲಿ ಬಿಡುವವರುಂಟು. ಹೆಸರು ತಪ್ಪಿದರೆ ಯಂತ್ರ ಹಾಡನ್ನೇನೋ ಎಣಿಸುತ್ತದೆ. ಹಣ ಮಾತ್ರ ವಾರಸುದಾರರಿಲ್ಲದೆ ದಾರಿಯಲ್ಲೇ ಉಳಿಯುತ್ತದೆ.