ಔಟ್‌ಪುಟ್ ಫಿಲ್ಟರ್ ಕೆಪಾಸಿಟರ್

ಡಿ ವರ್ಗದ ಆಂಪ್ಲಿಫೈಯರಿನಲ್ಲಿ ಸ್ಪೀಕರಿಗೆ ಮುಂಚೆ ಕಾಯಿಲಿನ ಜತೆ ಕೂರುವ ಬಿಡಿಭಾಗ. ನೂರಾರು ಕಿಲೋಹರ್ಟ್ಸ್‌ನ ಸ್ವಿಚಿಂಗ್ ಅಲೆಯನ್ನು ಗ್ರೌಂಡಿಗೆ ಹರಿಸಿ, ಕಿವಿಗೆ ಕೇಳುವ 20 ಕಿಲೋಹರ್ಟ್ಸ್‌ವರೆಗಿನ ಧ್ವನಿಯನ್ನು ಉಳಿಸುತ್ತದೆ. 22 ಮೈಕ್ರೋಹೆನ್ರಿ ಕಾಯಿಲಿಗೆ 0.68 ಮೈಕ್ರೋಫ್ಯಾರಡ್ ಸೇರಿಸಿದರೆ ಕಡಿತದ ಆವರ್ತನ ಸುಮಾರು 41 ಕಿಲೋಹರ್ಟ್ಸ್.

ಬೆಲೆಗಿಂತ ಜಾತಿ ಮುಖ್ಯ. ಪಾಲಿಪ್ರೊಪಿಲೀನ್ ಫಿಲ್ಮ್ ಎಲ್ಲಕ್ಕಿಂತ ಒಳ್ಳೆಯದು. ಪಾಲಿಯೆಸ್ಟರ್ ಆದರೂ ನಡೆದೀತು. ಅಗ್ಗದ ಸೆರಾಮಿಕ್ ಬಗೆಗಳ ಧಾರಕತೆ ವೋಲ್ಟೇಜ್ ಏರಿದಂತೆ ಕುಗ್ಗುತ್ತದೆ, ಧ್ವನಿ ಒಡೆಯುತ್ತದೆ. ಎಲೆಕ್ಟ್ರೋಲಿಟಿಕ್ ಇಲ್ಲಿ ಸಲ್ಲದು, ಬಿಸಿಯೇರಿ ಉಬ್ಬುತ್ತದೆ. 24 ವೋಲ್ಟ್ ಬೋರ್ಡಿಗೆ 63 ವೋಲ್ಟಿನದು ಸಾಕು. ಮೈಮೇಲೆ ‘684ಜೆ’ ಎಂದಿದ್ದರೆ 0.68 ಮೈಕ್ರೋಫ್ಯಾರಡ್, ಶೇ 5ರಷ್ಟು ವ್ಯತ್ಯಾಸ.

ಕೆ.ಆರ್. ನಗರದ ಬಳಿಯ ಚುಂಚನಕಟ್ಟೆ, ಪಿರಿಯಾಪಟ್ಟಣದ ಬೆಟ್ಟದಪುರದಂಥ ಜಾತ್ರೆಗಳಲ್ಲಿ ಮೈಕ್‌ಸೆಟ್ಟು ಗಂಟೆಗಟ್ಟಲೆ ಬಿಡುವಿಲ್ಲದೆ ದುಡಿಯುವಾಗ ಈ ಆಯ್ಕೆಯ ಬೆಲೆ ತಿಳಿಯುತ್ತದೆ.

ಒಂದೇ ಸರಬರಾಜಿನ ಹಳೆಯ ಎಬಿ ವರ್ಗದ ಸೆಟ್ಟುಗಳ ಲೆಕ್ಕ ಬೇರೆ. ಅಲ್ಲಿ ಸ್ಪೀಕರಿಗೆ ಸರಣಿಯಲ್ಲಿ ಕೂರುವುದು ಎಲೆಕ್ಟ್ರೋಲಿಟಿಕ್ಕೇ. 4 ಓಮ್ ಸ್ಪೀಕರಿಗೆ 1000 ಮೈಕ್ರೋಫ್ಯಾರಡ್ ಹಾಕಿದರೆ 40 ಹರ್ಟ್ಸ್‌ಗಿಂತ ಕೆಳಗಿನ ಗುಡುಗು ಸೊರಗುತ್ತದೆ; 2200 ಹಾಕಿದರೆ ಮಿತಿ 18 ಹರ್ಟ್ಸ್‌ಗೆ ಇಳಿಯುತ್ತದೆ.

ಕೆಟ್ಟದ್ದನ್ನು ಬದಲಿಸುವಾಗ ವೋಲ್ಟೇಜ್ ಹೆಚ್ಚಿನದನ್ನು ಹಾಕಬಹುದು. ಫಿಲ್ಟರಿನ ಮೈಕ್ರೋಫ್ಯಾರಡ್ ಮಾತ್ರ ಬದಲಾಗಬಾರದು.