ಗಾಲಿ ಕಟ್ಟಿದ ಬಂಡಿ

ಹುನಗುಂದ, ಇಳಕಲ್ ಸುತ್ತಿನ ಹಳ್ಳಿಗಳಲ್ಲಿ ಚಕ್ಕಡಿ ಹೊಲದ ದಾರಿ ಬಿಟ್ಟು ಬಹಳ ದಿನವಾಯಿತು. ಗೊಬ್ಬರ, ಕಣಿಕೆ, ಜೋಳದ ಚೀಲ ಎಲ್ಲವನ್ನೂ ಈಗ ಟ್ರ್ಯಾಕ್ಟರಿನ ಟ್ರೇಲರ್ ಹೊರುತ್ತದೆ. ಬೇವಿನ ಮರದ ಕೆಳಗೆ ನೊಗ ನೆಲಕ್ಕೂರಿ ನಿಂತ ಹಳೆಯ ಬಂಡಿಗೆ ಗಿರಾಕಿ ಬರುವುದು ಎರಡು ಕಡೆಯಿಂದ. ಹೆದ್ದಾರಿಯ ಹೋಟೆಲಿನವರಿಗೆ ಬಾಗಿಲ ಮುಂದೆ ಚೆಂದಕ್ಕೆ ನಿಲ್ಲಿಸಲು ಗಾಲಿ ಬೇಕು. ಜಾತ್ರೆಯ ಪಂದ್ಯದವರಿಗೆ ಓಡುವ ಬಂಡಿ ಬೇಕು. ಮೋಟಾರು ಪಂದ್ಯದ ಹುಚ್ಚಿನವರು ಯಾರೋ ಓಡಿಸಿ ಬಿಟ್ಟ ಕಾರನ್ನು ಕೊಂಡು, ಬಿಚ್ಚಿ, ತಿದ್ದಿ, ಮತ್ತೆ ಕಟ್ಟಿ ಒಂದು ದಿನದ ಓಟಕ್ಕೆ ಅಣಿಮಾಡುತ್ತಾರಲ್ಲ, ನಮ್ಮ ಪಂದ್ಯದವರು ಚಕ್ಕಡಿಗೆ ಮಾಡುವುದೂ ಅದನ್ನೇ. ಈ ಕೆಲಸಕ್ಕೊಂದು ಇತಿಹಾಸವಿದೆ. ಅದು ನಾವು ಅಂದುಕೊಂಡಷ್ಟು ಹಳೆಯದಲ್ಲ.

ಪಂದ್ಯ ಮುಖ್ಯವಾಗಿ ಎರಡು ಬಗೆ. ಖಾಲಿ ಗಾಡಾ ಓಟದಲ್ಲಿ ಹೇರಿಲ್ಲದ ಬಂಡಿಗೆ ಜೋಡೆತ್ತು ಹೂಡಿ ಓಡಿಸುತ್ತಾರೆ; ಗೊತ್ತು ಮಾಡಿದ ಸಮಯದಲ್ಲಿ ಯಾವ ಜೋಡಿ ಹೆಚ್ಚು ದೂರ ಹೋಯಿತೆಂಬುದು ಲೆಕ್ಕ. ತೆರಬಂಡಿಯಲ್ಲಿ ಗಾಲಿ ತಿರುಗದ ಹಾಗೆ ಕಟ್ಟಿ, ಬಂಡಿಯನ್ನು ನೆಲದ ಮೇಲೆ ಜಗ್ಗಿಸುತ್ತಾರೆ. ತೆರಬಂಡಿಯ ಮಾತಿಗೆ ಆಮೇಲೆ ಬರುತ್ತೇನೆ.

ನನ್ನ ಸೋದರಮಾವ ಹಳೆಯ ಬಂಡಿ ಕೊಳ್ಳುವುದನ್ನು ಹಲವು ಸಲ ನೋಡಿದ್ದೇನೆ. ಅವರು ಮೊದಲು ನೋಡುವುದು ಹಲಗೆಯನ್ನಲ್ಲ, ಬಣ್ಣವನ್ನಂತೂ ಅಲ್ಲವೇ ಅಲ್ಲ. ಗಾಲಿಯ ನಡುವಿನ ಗುಂಬಕ್ಕೆ ಕಲ್ಲಿನಿಂದ ತಟ್ಟಿ ಕಿವಿಗೊಡುತ್ತಾರೆ. ಒಳಗೆ ಸೀಳಿದ ಜಾಲಿಯ ಮರ ಬೇರೆಯೇ ದನಿ ಕೊಡುತ್ತದೆ. ಆಮೇಲೆ ಗಾಲಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಒಳಕ್ಕೂ ಹೊರಕ್ಕೂ ಅಲುಗಿಸುತ್ತಾರೆ. ಅಚ್ಚಿನ ತುದಿಯೋ ಗುಂಬದೊಳಗಿನ ಕಬ್ಬಿಣದ ಬಳೆಯೋ ಸವೆದಿದ್ದರೆ ಗಾಲಿ ಓಲಾಡುತ್ತದೆ. ಓಲಾಡುವ ಗಾಲಿ ಓಟದಲ್ಲಿ ಬಂಡಿಯನ್ನು ಒಂದು ಮಗ್ಗುಲಿಗೆ ಎಳೆಯುತ್ತದೆ, ಆ ಮಗ್ಗುಲಿನ ಎತ್ತು ಬೇಗ ಸೋಲುತ್ತದೆ. ಕೊನೆಗೆ ಅರಗಳು. ಒಂದು ಅರ ಸಡಿಲವಿದ್ದರೆ ಬಡಿಗೇರರು ಬೆಣೆ ಹೊಡೆದು ಕೊಡುತ್ತಾರೆ. ನಾಲ್ಕು ಸಡಿಲವಿದ್ದರೆ ವ್ಯಾಪಾರ ಅಲ್ಲಿಗೇ ಮುಗಿಯಿತು, ಚಹಾ ಕುಡಿದು ಹೊರಡುವುದು.

ಕೊಂಡ ಮೇಲೆ ನಡೆಯುವುದು ಕೂಡಿಸುವ ಕೆಲಸವಲ್ಲ, ಕಳೆಯುವ ಕೆಲಸ. ಪಕ್ಕದ ಗೂಟ, ಹಿಂದಿನ ತಡೆ, ದಪ್ಪ ಹಲಗೆ ಎಲ್ಲ ಹೋಗಿ ಹೊಡೆಯುವವನು ನಿಲ್ಲುವಷ್ಟು ಜಾಗ ಉಳಿಯುತ್ತದೆ. ಗಾಲಿಗೆ ತೊಡಿಸಿದ ಕಬ್ಬಿಣದ ಹಳಿ ಸಡಿಲವಾಗಿದ್ದರೆ ಅದನ್ನು ಕಳಚಿ, ತುಸು ಕತ್ತರಿಸಿ ಮತ್ತೆ ಬೆಸೆಯುತ್ತಾರೆ. ಕುಳ್ಳಿನ ಬೆಂಕಿಯಲ್ಲಿ ಅದನ್ನು ಕೆಂಪಗೆ ಕಾಯಿಸಿ, ನಾಲ್ಕು ಜನ ಇಕ್ಕಳದಲ್ಲಿ ಹಿಡಿದು ತಂದು, ಗಾಲಿಗೆ ಕೂರಿಸಿ ನೀರು ಸುರಿಯುತ್ತಾರೆ. ಕಬ್ಬಿಣ ಕುಗ್ಗುವಾಗ ಅಂಚಿನ ಮರದ ತುಂಡುಗಳೆಲ್ಲ ಒಂದನ್ನೊಂದು ಕಚ್ಚಿಕೊಳ್ಳುವ ಸದ್ದನ್ನು ಒಮ್ಮೆಯಾದರೂ ಕೇಳಬೇಕು. ಅಚ್ಚಿಗೆ ಹಿಂದೆ ಔಡಲೆಣ್ಣೆ ಮತ್ತು ಮಸಿ, ಈಗ ಗ್ರೀಸು. ಕೆಲವರು ಗುಂಬವನ್ನೇ ಕೊರೆದು ಬೇರಿಂಗ್ ಕೂರಿಸುತ್ತಾರೆ. ಎಲ್ಲಕ್ಕಿಂತ ನಾಜೂಕಾದದ್ದು ತೂಕದ ವಿಚಾರ. ಎರಡು ಗಾಲಿಯ ಬಂಡಿಯಲ್ಲಿ ಭಾರ ಅಚ್ಚಿನ ಮುಂದಕ್ಕೆ ಬಿದ್ದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ, ಹಿಂದಕ್ಕೆ ಬಿದ್ದರೆ ನೊಗ ಮೇಲೆದ್ದು ಕೊರಳ ಪಟ್ಟಿ ಬಿಗಿಯುತ್ತದೆ. ಹಗುರ ಬಂಡಿಗೆ ಹೊಡೆಯುವವನ ಮೈಯೇ ದೊಡ್ಡ ಹೇರು. ಅವನು ಅರ್ಧ ಗೇಣು ಹಿಂದೆ ಮುಂದೆ ಸರಿದು ನಿಂತರೂ ಎತ್ತಿಗೆ ಗೊತ್ತಾಗುತ್ತದೆ.

ಇಂಥ ಬಂಡಿ ಚಾಲುಕ್ಯರ ಕಾಲದಿಂದ ಹೀಗೇ ಇದೆ ಎಂದು ಊರಿನಲ್ಲಿ ಹೇಳುತ್ತಾರೆ. ಅರ್ಧ ನಿಜ. ಲೋಕಮಹಾದೇವಿ 8ನೇ ಶತಮಾನದಲ್ಲಿ ಕಟ್ಟಿಸಿದ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದಲ್ಲಿ, ಪೂರ್ವದ ಮುಖಮಂಟಪದ ಛತ್ತಿನ ಮೇಲೆ, ಏಳು ಕುದುರೆಯ ರಥವೇರಿದ ಸೂರ್ಯನಿದ್ದಾನೆ. ಬಾದಾಮಿಗೆ ಬಂದವರು ತಲೆಯೆತ್ತಿ ನೋಡದೆ ಹೋಗಬಾರದು. ಆದರೆ ದೇವರ ರಥ ಬೇರೆ, ರೈತನ ಬಂಡಿ ಬೇರೆ. 19ನೇ ಶತಮಾನದ ಮೊದಲ ದಶಕಗಳವರೆಗೂ ದಖ್ಖನಿನ ಬಹುಭಾಗದಲ್ಲಿ ಮಾಲು ಸಾಗುತ್ತಿದ್ದುದು ಎತ್ತಿನ ಬೆನ್ನ ಮೇಲೆ. ಹತ್ತಿ, ಉಪ್ಪು, ಕಾಳು ಹೊತ್ತ ಲಂಬಾಣಿಗರ ಹೇರೆತ್ತಿನ ಸಾಲುಗಳೇ ಅಂದಿನ ಲಾರಿಗಳು. ಊರಲ್ಲಿದ್ದ ಕೆಲವೇ ಬಂಡಿಗಳಿಗೆ ಕಲ್ಲಿನ ಇಲ್ಲವೇ ಇಡೀ ಮರದ ಗಾಲಿ. ಅವನ್ನು ಎಳೆಯಲು ಹಲವು ಜೋಡಿ ಎತ್ತು ಬೇಕು, ದೂರದ ಪೇಟೆಯ ಮಾತು ದೂರವೇ.

ಇದು ಬದಲಾದದ್ದು 1830ರ ದಶಕದಲ್ಲಿ. ಪುಣೆ ಸೀಮೆಯ ಇಂದಾಪುರದ ಕಂದಾಯ ಸರ್ವೆಯಲ್ಲಿದ್ದ ಗೋಲ್ಡ್‌ಸ್ಮಿಡ್ ಮತ್ತು ಗೈಸ್‌ಫರ್ಡ್ ಎಂಬ ಅಧಿಕಾರಿಗಳು ಒಂದು ಜೋಡಿ ಎತ್ತು ಎಳೆಯಬಲ್ಲ ಹಗುರ ಬಂಡಿಯನ್ನು ರೂಪಿಸಿದರು. ಗೈಸ್‌ಫರ್ಡ್ ಸೊಲ್ಲಾಪುರದ ಕಡೆಯ ಟೆಂಭುರ್ಣಿಯಲ್ಲಿ ಬಂಡಿ ಮಾಡುವ ಕಾರ್ಖಾನೆಯನ್ನೇ ತೆರೆದ. ಇಂದಾಪುರದಲ್ಲಿ ಇವರ ಜೊತೆಗಿದ್ದ ವಿಂಗೇಟ್ ಮುಂದೆ 1840ರ ದಶಕದಲ್ಲಿ ದಕ್ಷಿಣ ಮರಾಠಾ ಸೀಮೆಯ, ಅಂದರೆ ನಮ್ಮ ಧಾರವಾಡದ ಕಡೆಯ, ಸರ್ವೆಯ ಹೊಣೆ ಹೊತ್ತ. ಇವರಿಗೆ ರೈತನ ಮೇಲೆ ಪ್ರೀತಿ ಉಕ್ಕಿತ್ತು ಎಂದು ನಾನು ಹೇಳುವುದಿಲ್ಲ. ಮಾಲು ಪೇಟೆ ಮುಟ್ಟಿದರೆ ಕಂದಾಯ ನಗದಾಗಿ ಬರುತ್ತದೆ, ಅಷ್ಟೇ. ಆದರೂ ವಿಂಗೇಟನ ಹೆಸರನ್ನು ಭೂಕಂದಾಯದ ಪಾಠದಲ್ಲಿ ಓದುವ ನಮ್ಮ ವಿದ್ಯಾರ್ಥಿಗಳಿಗೆ ಅವನ ಜೊತೆಗಾರರು ಬಂಡಿಯನ್ನೂ ಬದಲಿಸಿದರು ಎಂದು ಯಾರೂ ಹೇಳುವುದಿಲ್ಲ.

1884ರಲ್ಲಿ ಹೊಟಗಿ–ಗದಗ ರೈಲುಮಾರ್ಗ ಬಂತು. ಬಾಗಲಕೋಟೆಗೂ ಬಾದಾಮಿಗೂ ನಿಲ್ದಾಣ ಸಿಕ್ಕಿತು. ಹುನಗುಂದ, ಇಳಕಲ್ಲಿಗೆ ಸಿಗಲಿಲ್ಲ, ಇವತ್ತಿಗೂ ಇಲ್ಲ. ಇಳಕಲ್ಲಿನಿಂದ ಬಾಗಲಕೋಟೆ 50 ಕಿಲೋಮೀಟರಿಗೂ ಹೆಚ್ಚು ದೂರ. ರೈಲು ಬಂದರೆ ಬಂಡಿ ಹೋಗುತ್ತದೆ ಎಂದುಕೊಳ್ಳುತ್ತೇವೆ, ಆದರೆ ನಿಲ್ದಾಣದವರೆಗೆ ಹತ್ತಿ ಸಾಗಬೇಕಲ್ಲ! ಅದೇ ಕಾಲಕ್ಕೆ ಕೃಷ್ಣಾ ತೀರದ ಸಂಸ್ಥಾನಿಕರು ಕರಿಮಣ್ಣಿನಲ್ಲಿ ಜಗ್ಗಬಲ್ಲ ಭಾರಿ ಮೈಯ ಕೃಷ್ಣಾತೀರ ತಳಿಯನ್ನು ಬೆಳೆಸಿದರು. ಓಟದವರು ಇಂದಿಗೂ ಹುಡುಕುವುದು ಖಿಲಾರಿಯನ್ನು: ಸಣ್ಣ ಮೈ, ಚುರುಕು ಕಾಲು. ಹಳೆಯ ಭಾರದ ಬಂಡಿಯ ನೆನಪು ಬೇಕಾದರೆ ಬನದ ಹುಣ್ಣಿಮೆಗೆ ಬನಶಂಕರಿಗೆ ಹೋಗಬೇಕು. ತೇರಿನ ಹಗ್ಗ ರೋಣ ತಾಲ್ಲೂಕಿನ ಮಾಡಲಗೇರಿಯಿಂದ ಹಳಿಬಂಡಿಯಲ್ಲಿ ಬರುತ್ತದೆ.

20ನೇ ಶತಮಾನದಲ್ಲಿ ಗಾಳಿ ತುಂಬಿದ ಟೈರು ಬಂತು, ಬೇರಿಂಗ್ ಬಂತು. ಬೆಂಗಳೂರಿನ ಐಐಎಂ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ ಎತ್ತಿನ ಬಂಡಿಯ ಸುಧಾರಣೆಯನ್ನೇ ತಮ್ಮ ಅಧ್ಯಯನವಾಗಿಸಿಕೊಂಡರು. ನೊಗ ಕುತ್ತಿಗೆಯನ್ನು ಕೊರೆಯಬಾರದು, ಅಚ್ಚು ಸಲೀಸಾಗಿ ತಿರುಗಬೇಕು ಎಂದು ಅವರು ವಾದಿಸುತ್ತಿದ್ದಾಗ ದೊಡ್ಡ ವಿದ್ಯಾಸಂಸ್ಥೆಗೆ ಇದೆಂಥ ವಿಷಯ ಎಂದು ನಕ್ಕವರಿಗೇನು ಕಡಿಮೆಯೇ?

ಅದೇ ಬೆಂಗಳೂರಿನಲ್ಲಿ 1980ರ ದಶಕದಲ್ಲಿ ಸಿಪಾನಿ ಕಂಪನಿ ಡಾಲ್ಫಿನ್ ಎಂಬ ಪುಟ್ಟ ಕಾರು ತಯಾರಿಸಿತು. ಫೈಬರ್‌ಗ್ಲಾಸಿನ ಮೈ, 848 ಸಿಸಿ ಎಂಜಿನ್. ದನ ಬಂದು ಕಾರನ್ನೇ ಮೇದುಹೋಗುತ್ತದೆ ಎಂದು ಜನ ತಮಾಷೆ ಮಾಡುತ್ತಿದ್ದರು. ಪೇಟೆಯಲ್ಲಿ ಸೋತ ಆ ಕಾರು ಮೋಟಾರು ಪಂದ್ಯಗಳಲ್ಲಿ ಮಾತ್ರ ಹೆಸರು ಮಾಡಿತು, ಕಾರಣ ಒಂದೇ: ಹಗುರ. ನನ್ನ ಸೋದರಮಾವ ಆ ಕಾರನ್ನು ಕಂಡವರಲ್ಲ. ಹೇಳಿದರೆ ಅವರಿಗೆ ತಟ್ಟನೆ ಅರ್ಥವಾಯಿತು.

ಈಗ ತೆರಬಂಡಿ. ಟೆಂಭುರ್ಣಿಯ ಕಾರ್ಖಾನೆಯಿಂದ ಇಂದಿನ ಬೇರಿಂಗಿನವರೆಗೆ ನೂರೆಂಬತ್ತಕ್ಕೂ ಹೆಚ್ಚು ವರ್ಷ ನಡೆದದ್ದು ಒಂದೇ ಕೆಲಸ: ಎತ್ತಿನ ಹೆಗಲಿನಿಂದ ಭಾರ ಇಳಿಸುವುದು, ಅಚ್ಚಿನ ತಿಕ್ಕಾಟ ಕಳೆಯುವುದು. ಗಾಲಿ ಕಟ್ಟಿದ ಕ್ಷಣ ಅಷ್ಟೂ ಇತಿಹಾಸ ಹಿಂದಕ್ಕೆ ಹೋಗುತ್ತದೆ. ಇಳಕಲ್ಲಿನ ಹತ್ತಿರದ ಹಿರಿಯ ಬಡಿಗೇರರೊಬ್ಬರನ್ನು ಈ ಬಗ್ಗೆ ಕೇಳಿದೆ. "ತಿರಗಲಾರದ ಗಾಲಿಗೆ ಅರ ಯಾಕ ಬೇಕ್ರಿ, ಗುಂಬ ಯಾಕ ಬೇಕು? ಕಲ್ಲ ಕಟ್ಟಿ ಜಗ್ಗಸ್ರಿ," ಎಂದರು. ಅವರ ಸಿಟ್ಟು ಎತ್ತಿಗಾಗಿಯೋ ಗಾಲಿಗಾಗಿಯೋ ನಾನು ಬಿಡಿಸಿ ಕೇಳಲಿಲ್ಲ. ತೆರಬಂಡಿಯಲ್ಲಿ ಎತ್ತಿನ ಬಲವೇನೋ ಕಾಣುತ್ತದೆ, ಗೆದ್ದ ಜೋಡಿಯ ಮೆರವಣಿಗೆಯ ಸಂಭ್ರಮವೂ ಸುಳ್ಳಲ್ಲ. ಆದರೆ ಆ ಪಂದ್ಯದಲ್ಲಿ ಮನುಷ್ಯನ ಜಾಣತನಕ್ಕೆ ಮಾಡಲು ಏನೂ ಉಳಿದಿರುವುದಿಲ್ಲ, ಬಾರುಕೋಲಿನ ಹೊರತು. ಖಾಲಿ ಗಾಡಾದಲ್ಲಿ ಬಡಿಗೇರರ ಕೈ, ಕಮ್ಮಾರರ ಬೆಂಕಿ, ಹೊಡೆಯುವವನ ನಿಲುವು ಎಲ್ಲ ಎತ್ತಿನ ಜೊತೆಗೆ ಓಡುತ್ತವೆ. ನನ್ನ ಒಲವು ಯಾವ ಕಡೆಗೆಂದು ಮುಚ್ಚಿಡಬೇಕಾಗಿಲ್ಲ.

ಕಾನೂನು ಈ ಎರಡನ್ನೂ ಒಂದೇ ಗಂಟಿಗೆ ಕಟ್ಟಿತು. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು ಮತ್ತು ಎತ್ತಿನ ಬಂಡಿ ಓಟಗಳನ್ನು ನಿಷೇಧಿಸಿತು. 2017ರಲ್ಲಿ ಕರ್ನಾಟಕ ತಿದ್ದುಪಡಿ ತಂದು ಕಂಬಳಕ್ಕೂ ಬಂಡಿ ಓಟಕ್ಕೂ ದಾರಿ ಬಿಟ್ಟಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ನಿಷೇಧದ ವಾದದಲ್ಲಿ ಎತ್ತಿನ ನೋವಿನ ಮಾತು ಬಂತು, ಬರಲೇಬೇಕಿತ್ತು. ಪರವಾದ ವಾದದಲ್ಲಿ ಪರಂಪರೆಯ ಮಾತು ಬಂತು. ಬಂಡಿ ಮಾಡುವವರ ಮಾತನ್ನು ಮಾತ್ರ ನಾನು ಎಲ್ಲಿಯೂ ಕೇಳಲಿಲ್ಲ.

ಆ ಬಡಿಗೇರರು ಈಗ ಬದುಕುವುದು ಬಾಗಿಲು, ಮಂಚದ ಕೆಲಸದಲ್ಲಿ. ವರ್ಷಕ್ಕೆ ಎರಡೋ ಮೂರೋ ಜೋಡಿ ಗಾಲಿಯ ಕೆಲಸ ಬರುತ್ತದೆ, ಎಲ್ಲವೂ ಪಂದ್ಯದವರದ್ದು. ಮಗ ಗ್ರಾನೈಟ್ ಪಾಲಿಶ್ ಮಾಡುವ ಕೆಲಸಕ್ಕೆ ಹೋಗುತ್ತಾನೆ. ಗುಂಬಕ್ಕೆ ಬೇಕಾದ ದಪ್ಪದ, ಗಂಟಿಲ್ಲದ ಜಾಲಿಯ ಬೊಡ್ಡೆ ಈಗ ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ಹಳೆಯ ಗುಂಬವನ್ನೇ ಉಳಿಸಿಕೊಂಡು ಅರಗಳನ್ನು ಮಾತ್ರ ಹೊಸದಾಗಿ ಕೂರಿಸುತ್ತಾರೆ. ನಾನು ಹೋದ ದಿನ ಅಂಗಳದಲ್ಲಿ ಅಂಥದೊಂದು ಗುಂಬ ಎಣ್ಣೆ ಹೀರುತ್ತಾ ಬಿದ್ದಿತ್ತು; ಅವರ ಅಪ್ಪ ಕೆತ್ತಿದ್ದಂತೆ, ಮೂರನೆಯ ಸಲ ಅರ ಬದಲಾಗುತ್ತಿತ್ತು.