ಗುಬ್ಬಿ ಕಂಪನಿ: ನಮ್ಮ ಜಿಲ್ಲೆಯ ಹಳೇ ಸ್ಟಾರ್ಟಪ್

ಇವತ್ತಿನ ಕಥೆ ಶುರುವಾಗೋದು ಕುಣಿಗಲ್ ಬಸ್ ಸ್ಟ್ಯಾಂಡ್ ಪಕ್ಕದ ಟೀ ಅಂಗಡಿಯಲ್ಲಿ. ನಮ್ಮ ಚಿಕ್ಕಪ್ಪನ ಮಗ ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದಿದ್ದಾನೆ. "ಅಣ್ಣಾ, ಒಂದೊಳ್ಳೆ ಸ್ಟಾರ್ಟಪ್ ಐಡಿಯಾ ಹೇಳು. ಕೈಯಲ್ಲಿ ಆರು ತಿಂಗಳಿಗಾಗುವಷ್ಟು ದುಡ್ಡಿದೆ. ಆಮೇಲೆ ಮತ್ತೆ ಬೆಂಗಳೂರೇ ಗತಿ" ಅಂದ.

ನನಗೆ ಮುಜುಗರ ಆಯ್ತು. ಮೂರು ವರ್ಷದ ಹಿಂದೆ ನಾನೂ ದಿನಸಿ ಮನೆಗೆ ತಲುಪಿಸೋ ಆ್ಯಪ್ ಮಾಡಿ ಕೈ ಸುಟ್ಟುಕೊಂಡವನೇ. ನಮ್ಮೂರಲ್ಲಿ ಅಂಗಡಿಗೆ ಒಂದು ಫೋನ್ ಮಾಡಿದ್ರೆ ಹುಡುಗ ಸಾಮಾನು ತಂದುಕೊಡ್ತಾನೆ, ಲೆಕ್ಕ ತಿಂಗಳ ಕೊನೆಗೆ. ನನ್ನ ಆ್ಯಪ್‌ನಲ್ಲಿ ಸಾಲದ ಪುಸ್ತಕ ಇರಲಿಲ್ಲ! ಬೆಂಗಳೂರಿನ ಐಡಿಯಾ ತಂದಿದ್ದೆ, ಕುಣಿಗಲ್ ನೋಡಿರಲಿಲ್ಲ.

ಅದಕ್ಕೇ ಅವನಿಗೆ ಪಕ್ಕದ ಗುಬ್ಬಿಯ ಕಥೆ ಹೇಳಿದೆ.

1884ರಲ್ಲಿ ಗುಬ್ಬಿಯಲ್ಲಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿತು. ನಾಟಕ ಆಗ ಹೊಸ ಐಡಿಯಾ ಏನಲ್ಲ. ಹಳ್ಳಿಗಳಲ್ಲಿ ಮೂಡಲಪಾಯ ಇತ್ತು, ಪಾರ್ಸಿ ಮತ್ತು ಮರಾಠಿ ಕಂಪನಿಗಳು ಈ ಕಡೆ ಬಂದು ಹೋಗ್ತಿದ್ದವು. ಮೈಸೂರಿನ ಮಂಡಳಿಗೆ ಅರಮನೆಯ ಆಶ್ರಯವೇ ಇತ್ತು. ಗುಬ್ಬಿಯವರಿಗೆ ಅರಮನೆ ಇರಲಿಲ್ಲ, ಟಿಕೆಟ್ ಕೊಳ್ಳುವ ಜನರೇ ಆಸರೆ. ಊರೂರಿಗೆ ಹೋಗಿ ಕ್ಯಾಂಪ್ ಹಾಕಬೇಕು, ಕಲೆಕ್ಷನ್ ಬಿದ್ದರೆ ನಾಟಕ ಬದಲಿಸಬೇಕು, ಇಲ್ಲವೇ ಊರು ಬದಲಿಸಬೇಕು.

ಈ ಕಂಪನಿಗೆ ಹುಡುಗನಾಗಿ ಸೇರಿ, ಮುಂದೆ ಅದರ ಮಾಲೀಕರಾದವರು ಗುಬ್ಬಿ ವೀರಣ್ಣ. 'ಸದಾರಮೆ' ನಾಟಕದ ಕಳ್ಳನ ಪಾತ್ರ ಅವರಿಗೆ ದೊಡ್ಡ ಹೆಸರು ತಂದಿತ್ತು. ಹಾಸ್ಯ ಮಾಡುವವನಿಗೆ ಒಂದು ಲಾಭ ಇದೆ ನೋಡಿ: ಜನ ಎಲ್ಲಿ ನಗ್ತಾರೆ, ಎಲ್ಲಿ ಆಕಳಿಸ್ತಾರೆ ಅಂತ ಅದೇ ರಾತ್ರಿ ಗೊತ್ತಾಗುತ್ತೆ. ಗಂಡಸರೇ ಸೀರೆ ಉಟ್ಟು ಸ್ತ್ರೀ ಪಾತ್ರ ಮಾಡ್ತಿದ್ದ ಕಾಲದಲ್ಲಿ ಅವರ ಕಂಪನಿ ಹೆಣ್ಣುಮಕ್ಕಳನ್ನು ರಂಗಕ್ಕೆ ತಂದಿತು. 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗದ ಮೇಲೆ ಹತ್ತಿಸಿದರು.

ಆಮೇಲೆ ಸಿನಿಮಾ ಬಂತು. 1934ರಲ್ಲಿ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ' ತೆರೆಕಂಡಿತು. ನಾಟಕ ನೋಡ್ತಿದ್ದ ಜನ ಆ ಕಡೆ ತಿರುಗಿದರು. ವೀರಣ್ಣ ಸಿನಿಮಾವನ್ನು ಬೈದುಕೊಂಡು ಕೂರಲಿಲ್ಲ. ಅದಕ್ಕೂ ಮೊದಲೇ ಮೂಕಿಚಿತ್ರಕ್ಕೆ ಕೈ ಹಾಕಿದ್ದವರು, ಚಿತ್ರಮಂದಿರ ನಡೆಸಿದರು, ಚಿತ್ರ ನಿರ್ಮಿಸಿದರು. 1954ರ 'ಬೇಡರ ಕಣ್ಣಪ್ಪ' ಅವರ ಸಂಸ್ಥೆ ಸೇರಿ ತಯಾರಿಸಿದ ಚಿತ್ರ. ಅದರ ನಾಯಕ ಗುಬ್ಬಿ ಕಂಪನಿಯಲ್ಲೇ ಪಳಗಿದ ಹುಡುಗ, ನಮ್ಮ ರಾಜ್‌ಕುಮಾರ್. ತಿಪಟೂರಿನ ನರಸಿಂಹರಾಜು ಕೂಡ ತೆರೆಗೆ ಬಂದಿದ್ದು ಅದರಲ್ಲೇ. ವೀರಣ್ಣನವರಿಗೆ 1972ರಲ್ಲಿ ಪದ್ಮಶ್ರೀ ಬಂತು.

ಹಾಗಂತ ಎಲ್ಲರೂ ಆನೆ ತರಬೇಕಾಗಿಲ್ಲ. ಅವರಿಗೆ ಐಡಿಯಾ ಸಿಕ್ಕಿದ್ದು ಎದುರಿಗೆ ಕೂತ ಜನರಿಂದ, ಅಷ್ಟೇ ನಾನು ಹೇಳೋದು. ನಾನು ನನ್ನ ಗಿರಾಕಿಯ ಎದುರು ಒಂದು ದಿನವೂ ಕೂತಿರಲಿಲ್ಲ.

ತಮ್ಮ ಟೀ ಮುಗಿಸಿ, "ಹಾಗಾದ್ರೆ ಐಡಿಯಾ ಹೇಳಲ್ವಾ?" ಅಂದ. "ಒಂದು ವಾರ ಇದೇ ಬೆಂಚ್ ಮೇಲೆ ಕೂತ್ಕೋ. ಯಾರು ಯಾತಕ್ಕೆ ಪರದಾಡ್ತಾರೆ, ಅದಕ್ಕೆ ಈಗ ಯಾರಿಗೆ ಎಷ್ಟು ದುಡ್ಡು ಕೊಡ್ತಾರೆ, ಬರ್ಕೋ" ಅಂದೆ. ನಕ್ಕ. ಆದ್ರೂ ಮಾರನೇ ದಿನ ಬೆಳಗ್ಗೆ ಆರಕ್ಕೇ ಅಲ್ಲಿ ಕೂತಿದ್ದನಂತೆ, ಟೀ ಅಂಗಡಿಯವರು ಹೇಳಿದ್ರು.

ನಿಮ್ಮೂರಲ್ಲಿ ಅಂಥ ಬೆಂಚ್ ಎಲ್ಲಿದೆ? ಯೋಚಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.